ಬೀಗದ ಕೈ ಯಾರ ಹತ್ರ ಇರಬೇಕು?

ಸ್ವಲ್ಪ ಉದ್ದದ ಪೋಸ್ಟ್. ಬಿಡುವಾದಾಗ ಓದಿ, ಆದ್ರೆ ಓದಿ.

ಹೋದ ತಿಂಗಳು ಹಿರಿಯೂರಿನ ಸಭೆ ಮುಗಿದ ಮೇಲೆ ಟೀ ಕುಡಿಯುವಾಗ ಒಬ್ಬ ತಮ್ಮ ಕೇಳಿದ: "ಅಣ್ಣ, ಎಲ್ಲಾ ಗೂಗಲ್ ಡ್ರೈವಲ್ಲಿ ಹಾಕಿ ಬಿಡಬಹುದಲ್ಲ. ನೀವ್ಯಾಕೆ ಆ ಕಪ್ಪು ಪರದೆ ಮುಂದೆ ಕೂತ್ಕೊಂಡು ಏನೇನೋ ಟೈಪ್ ಮಾಡ್ತೀರಿ? ಹ್ಯಾಕರ್ ಆಗಿಬಿಟ್ರಾ?" ಎಲ್ಲರೂ ನಕ್ಕರು, ನಾನೂ ನಕ್ಕೆ. ಆದ್ರೆ ಪ್ರಶ್ನೆ ಸರಿಯಾಗಿದೆ. ಅದಕ್ಕೆ ಉತ್ತರ ಬರೀತಿದ್ದೀನಿ.

ಮೊದಲು ಕಾಗದದ ವಿಷಯ. ಕಂಪ್ಯೂಟರ್ ಆಮೇಲೆ ಬರುತ್ತೆ.

ನಮ್ಮ ಹಿರಿಯರಿಗೆ ಜಮೀನು ಇತ್ತೋ ಇಲ್ಲವೋ ಅನ್ನೋದನ್ನ ಹೇಳುತ್ತಿದ್ದದ್ದು ನೆಲ ಅಲ್ಲ, ಶಾನುಭೋಗರ ಕಂಕುಳಲ್ಲಿದ್ದ ಪುಸ್ತಕ. ನಮ್ಮವರು ಉಳುತ್ತಿದ್ದರು, ಅವರು ಬರೀತಿದ್ದರು. ಏನು ಬರೆದರು ಅಂತ ಓದೋಕೆ ನಮಗೆ ಅಕ್ಷರ ಇರಲಿಲ್ಲ, ನೋಡ್ತೀನಿ ಅಂತ ಕೇಳೋಕೆ ಅವರ ಜಗಲಿ ಹತ್ತೋ ಹಾಗೂ ಇರಲಿಲ್ಲ. ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬಂದದ್ದು 1961ರಲ್ಲಿ. ವಂಶಪಾರಂಪರ್ಯದ ಶಾನುಭೋಗಿಕೆ ಹೋಯ್ತು, ಪುಸ್ತಕ ತಾಲ್ಲೂಕು ಕಚೇರಿಗೆ ಹೋಯ್ತು. ನಾನು ಬೇರೊಂದು ಕಚೇರಿಯಲ್ಲಿ ಗುಮಾಸ್ತ. ಕಡತ ಅನ್ನೋದು ಹೇಗೆ ಇರುತ್ತೆ, ಹೇಗೆ ಇಲ್ಲವಾಗುತ್ತೆ ಅನ್ನೋದನ್ನ ದಿನಾ ನೋಡೋನು. ಕಡತವನ್ನ ಯಾರೂ ಸುಡಬೇಕಾಗಿಲ್ಲ. ಬೇರೆ ಕಟ್ಟಿನಲ್ಲಿ ಸೇರಿಸಿ ಕಟ್ಟಿದರೆ ಸಾಕು, ಇಪ್ಪತ್ತು ವರ್ಷ ಸಿಗಲ್ಲ.

ಇದು ಯಾಕೆ ಮುಖ್ಯ ಅಂದ್ರೆ ಪಿ.ಟಿ.ಸಿ.ಎಲ್. ಕಾಯ್ದೆ. 1978ರ ಈ ಕಾಯ್ದೆ ನಮ್ಮಲ್ಲಿ ಬಹಳ ಜನಕ್ಕೆ ಹೆಸರಿನಿಂದ ಗೊತ್ತು. ಸರ್ಕಾರ ಪರಿಶಿಷ್ಟರಿಗೆ ಮಂಜೂರು ಮಾಡಿದ ಜಮೀನು ಷರತ್ತು ಮುರಿದು ಮಾರಾಟವಾಗಿದ್ದರೆ, ಅಥವಾ ಕಾಯ್ದೆ ಬಂದ ಮೇಲೆ ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರಾಟವಾಗಿದ್ದರೆ, ಆ ಮಾರಾಟ ಅನೂರ್ಜಿತ. ಉಪವಿಭಾಗಾಧಿಕಾರಿಗೆ ಅರ್ಜಿ ಹಾಕಿ ವಾಪಸ್ ಪಡೀಬಹುದು. ನಡುವೆ 2017ರಲ್ಲಿ ಸುಪ್ರೀಂ ಕೋರ್ಟು ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ "ಸಮಂಜಸ ಅವಧಿಯೊಳಗೆ ಅರ್ಜಿ ಹಾಕಬೇಕು" ಅಂತ ಹೇಳಿದ ಮೇಲೆ, ತಡವಾಯ್ತು ಅನ್ನೋ ಒಂದೇ ಕಾರಣಕ್ಕೆ ಅರ್ಜಿಗಳು ಬಿದ್ದು ಹೋದವು. ಹೋರಾಟ ಮಾಡಿದ ಮೇಲೆ 2023ರಲ್ಲಿ ತಿದ್ದುಪಡಿ ಆಗಿ, ಕಾಲಮಿತಿ ಇಲ್ಲ ಅಂತ ಕಾಯ್ದೆಯಲ್ಲೇ ಬಂತು.

ಕಾಲಮಿತಿ ಇಲ್ಲ, ಸರಿ. ಆದ್ರೆ ಕಾಗದ? ಅರ್ಜಿ ಜೊತೆ ಮೊದಲು ಕೇಳೋದೇ "ಮಂಜೂರಾಗಿದ್ದಕ್ಕೆ ದಾಖಲೆ ಎಲ್ಲಿ?" ಸಾಗುವಳಿ ಚೀಟಿ, ಮಂಜೂರಾತಿ ಆದೇಶ, ದರಖಾಸ್ತು ರಿಜಿಸ್ಟರಿನ ನಕಲು, ಹಳೆ ಪಹಣಿ, ಮ್ಯುಟೇಷನ್. ಅರವತ್ತರ ದಶಕದ ಸಾಗುವಳಿ ಚೀಟಿ ನಮ್ಮ ಮನೆಗಳಲ್ಲಿ ಹೇಗಿರುತ್ತೆ ಗೊತ್ತಲ್ಲ? ಕಬ್ಬಿಣದ ಟ್ರಂಕಿನಲ್ಲಿ, ಮದುವೆ ಸೀರೆ ಕೆಳಗೆ, ನಾಲ್ಕು ಮಡಿಕೆ. ಮಡಿಕೆ ಬಿದ್ದ ಜಾಗದಲ್ಲೇ ಸರ್ವೆ ನಂಬರ್ ಹರಿದಿರುತ್ತೆ. ಐಮಂಗಲ ಹೋಬಳಿಯಲ್ಲಿ ಹೈವೇ ಪಕ್ಕದ ಜಮೀನಿಗೆ ಈಗ ಬಂದಿರೋ ಬೆಲೆಗೆ, ಆ ಹರಿದ ಮಡಿಕೆಯ ಬೆಲೆ ಎಷ್ಟು ಅಂತ ನೀವೇ ಲೆಕ್ಕ ಹಾಕಿ.

ನಮ್ಮ ಕಡೆ ಒಬ್ಬ ಹಿರಿಯ ಕಾರ್ಯಕರ್ತರು ಇದ್ದರು. ಹೆಸರು ಬೇಡ, ತುಂಬಾ ಜನಕ್ಕೆ ಗೊತ್ತು. ಮೂವತ್ತು ವರ್ಷ ಇಂಥ ಕೇಸುಗಳ ಹಿಂದೆ ಓಡಾಡಿದವರು. ಯಾವ ಕೇಸು ಕೇಳಿದರೂ ಚೀಲದಿಂದ ಕಾಗದ ತೆಗೆಯೋರು. ಕೊರೊನಾ ಎರಡನೇ ಅಲೆಯಲ್ಲಿ ಹೋಗಿಬಿಟ್ಟರು. ಅವರ ಮನೆ ಮಳೆಗೆ ಸೋರುತ್ತಿತ್ತು, ಮಕ್ಕಳು ದುಡಿಯೋಕೆ ಬೆಂಗಳೂರಿಗೆ ಹೋದರು. ನಾವು ಹೋಗಿ ಕೇಳೋ ಹೊತ್ತಿಗೆ ಅರ್ಧ ಕಾಗದ ನೆನೆದು ಮುದ್ದೆಯಾಗಿತ್ತು, ಅರ್ಧ ರದ್ದಿಗೆ ಹೋಗಿತ್ತು. ಯಾರನ್ನೂ ಬೈಯೋ ಹಾಗಿಲ್ಲ. ಅವರ ಫೋನಿಗೆ ಲಾಕ್ ಇತ್ತು, ಪ್ಯಾಟರ್ನ್ ಅವರ ಬೆರಳಿಗೆ ಮಾತ್ರ ಗೊತ್ತಿತ್ತು. ಹನ್ನೊಂದು ಕುಟುಂಬದ ಕಾಗದದಲ್ಲಿ ನಮಗೆ ಸಿಕ್ಕಿದ್ದು ನಾಲ್ಕು ಕುಟುಂಬದ್ದು.

ಹೋರಾಟದ ನೆನಪೆಲ್ಲ ಒಬ್ಬ ಮನುಷ್ಯನ ಚೀಲದಲ್ಲಿ ಇದ್ದರೆ ಹೀಗೇ ಆಗೋದು. ಇದು ಹೊಸದಲ್ಲ. ಬಾಬಾಸಾಹೇಬರು ತೀರಿಕೊಂಡದ್ದು 1956ರಲ್ಲಿ. ಮಹಾರಾಷ್ಟ್ರ ಸರ್ಕಾರ ವಸಂತ್ ಮೂನ್ ಅವರ ಸಂಪಾದಕತ್ವದಲ್ಲಿ ಬರಹಗಳ ಮೊದಲ ಸಂಪುಟ ತಂದದ್ದು 1979ರಲ್ಲಿ. 'ರಿಡಲ್ಸ್ ಇನ್ ಹಿಂದೂಯಿಸಂ' ಅಚ್ಚಾದದ್ದು 1987ರಲ್ಲಿ. ಮೂವತ್ತೊಂದು ವರ್ಷ ಆ ಹಾಳೆಗಳು ಯಾವುದೋ ಪೆಟ್ಟಿಗೆಯಲ್ಲಿ ಕತ್ತಲಲ್ಲಿ ಇದ್ದವು. ಕೆಲವು ಹಸ್ತಪ್ರತಿ ಅಪೂರ್ಣವಾಗೇ ಸಿಕ್ಕವು. ಅವರ ಕಾಗದಕ್ಕೇ ಆ ಗತಿ ಆದರೆ ನಮ್ಮ ಹಟ್ಟಿಯ ಸಾಗುವಳಿ ಚೀಟಿ ಯಾವ ಲೆಕ್ಕ?

ಈಗ ಕಪ್ಪು ಪರದೆಗೆ ಬರ್ತೀನಿ.

ನಾನು ಬಳಸೋದು ರೆಸ್ಟಿಕ್ ಅನ್ನೋ ಒಂದು ತಂತ್ರಾಂಶ. ಉಚಿತ, ಮುಕ್ತ ತಂತ್ರಾಂಶ. ಹಳೆ ಲ್ಯಾಪ್‌ಟಾಪಲ್ಲೂ ಓಡುತ್ತೆ, ವಿಂಡೋಸಲ್ಲೂ ಲಿನಕ್ಸಲ್ಲೂ. ಒತ್ತೋಕೆ ಬಟನ್ ಇಲ್ಲ, ಚಿತ್ರ ಇಲ್ಲ. ಆಜ್ಞೆ ಟೈಪ್ ಮಾಡಿ ಎಂಟರ್ ಒತ್ತಬೇಕು, ಅಷ್ಟೇ. ಕಮಾಂಡ್ ಲೈನ್ ಅನ್ನೋದು ಇದನ್ನೇ.

ನಿಜ ಹೇಳಬೇಕಂದ್ರೆ ಐದು ಆಜ್ಞೆ ಸಾಕು. 'ಇನಿಟ್' ಅಂದ್ರೆ ಹೊಸ ಪೆಟ್ಟಿಗೆ ಮಾಡು. 'ಬ್ಯಾಕಪ್' ಅಂದ್ರೆ ಈ ಫೋಲ್ಡರನ್ನ ಪೆಟ್ಟಿಗೆಗೆ ಹಾಕು. 'ಸ್ನ್ಯಾಪ್‌ಶಾಟ್ಸ್' ಅಂದ್ರೆ ಯಾವ ತಾರೀಕು ಎಷ್ಟು ಹೊತ್ತಿಗೆ ಹಾಕಿದ್ದು, ಪಟ್ಟಿ ತೋರಿಸು. 'ಚೆಕ್' ಅಂದ್ರೆ ಪೆಟ್ಟಿಗೆ ನೆಟ್ಟಗಿದೆಯಾ ನೋಡು. 'ರಿಸ್ಟೋರ್' ಅಂದ್ರೆ ವಾಪಸ್ ತೆಗೆದು ಕೊಡು. ಇಂಗ್ಲಿಷ್ ಅಕ್ಷರದಲ್ಲೇ ಹೊಡೀಬೇಕು, ಅದೊಂದು ಕಷ್ಟ. ನಮ್ಮ ರೂಮಿನ ಗೋಡೆ ಮೇಲೆ ಒಂದು ರಟ್ಟಿನಲ್ಲಿ ಐದೂ ಸಾಲು ಬರೆದು, ಪಕ್ಕದಲ್ಲಿ ಕನ್ನಡದಲ್ಲಿ ಅರ್ಥ ಬರೆದು ತೂಗುಹಾಕಿದ್ದೀವಿ. ಪಿಯುಸಿ ಓದೋ ಹುಡುಗಿ ಒಬ್ಬಳು ಎರಡು ದಿನದಲ್ಲಿ ಕಲಿತಳು. ಈಗ ನನಗಿಂತ ವೇಗ.

ಗೂಗಲ್ ಡ್ರೈವಿಗೂ ಇದಕ್ಕೂ ಏನು ವ್ಯತ್ಯಾಸ? ಡ್ರೈವಿಗೆ ಮಾಮೂಲಿಯಾಗಿ ಹಾಕಿದರೆ ನಿಮ್ಮ ಕಾಗದ ಆ ಕಂಪನಿಯ ಕಂಪ್ಯೂಟರಲ್ಲಿ ಇರುತ್ತೆ, ಅದರ ಬೀಗದ ಕೈಯೂ ಕಂಪನಿ ಹತ್ರಾನೇ. ರೆಸ್ಟಿಕ್ ಹಾಗಲ್ಲ. ಕಾಗದ ನಮ್ಮ ಕಂಪ್ಯೂಟರ್ ಬಿಡೋ ಮುಂಚೆಯೇ ಅದನ್ನ ಚೂರು ಚೂರು ಮಾಡಿ, ಎಇಎಸ್ 256 ಅನ್ನೋ ಗೂಢಲಿಪಿಗೆ ತಿರುಗಿಸುತ್ತೆ. ಆಮೇಲೆ ಆ ಪೆಟ್ಟಿಗೆಯನ್ನ ಹಾರ್ಡ್ ಡಿಸ್ಕಿನಲ್ಲಿ ಇಡಿ, ಬಾಡಿಗೆ ಸರ್ವರಲ್ಲಿ ಇಡಿ, ಬೇಕಿದ್ದರೆ ಅದೇ ಡ್ರೈವಲ್ಲೂ ಇಡಿ. ಪೆಟ್ಟಿಗೆ ಕಾಯೋನಿಗೆ ಒಳಗೇನಿದೆ ಅಂತ ಓದೋಕೆ ಆಗಲ್ಲ. ನಮ್ಮ ಒಂದು ಹಾರ್ಡ್ ಡಿಸ್ಕ್ ಬೇರೆ ತಾಲ್ಲೂಕಿನ ಒಬ್ಬ ಗೆಳೆಯರ ಮನೆ ಬೀರುವಿನಲ್ಲಿ ಇದೆ. ಅವರು ಬೇರೆ ಜಾತಿ, ಬೇರೆ ಪಕ್ಷ. ತೊಂದರೆ ಇಲ್ಲ, ಅವರು ಇಟ್ಟುಕೊಂಡರೆ ಸಾಕು.

ಇನ್ನೊಂದು ಅನುಕೂಲ. ಮೊದಲ ಸಲ ಹಾಕುವಾಗ ಇಡೀ ರಾತ್ರಿ ಬೇಕಾಗಬಹುದು. ಆಮೇಲೆ ಹೊಸದಾಗಿ ಬಂದದ್ದು, ಬದಲಾದದ್ದು ಮಾತ್ರ ಸೇರಿಸುತ್ತೆ. ಒಂದೇ ಕಾಗದ ಹತ್ತು ಫೋಲ್ಡರಲ್ಲಿ ಇದ್ದರೂ ಪೆಟ್ಟಿಗೆಯಲ್ಲಿ ಒಂದೇ ಸಲ ಜಾಗ ತಿನ್ನುತ್ತೆ. ಪ್ರತಿ ಸಲದ್ದೂ ತಾರೀಕು, ವೇಳೆ ಸಮೇತ ಬೇರೆ ಬೇರೆ ಇರುತ್ತೆ. ಇವತ್ತು ಯಾರಾದರೂ ಫೈಲ್ ತಿದ್ದಿದರೂ ಹೋದ ವರ್ಷದ ರೂಪ ತೆಗೆದು ನೋಡಬಹುದು.

ಇದು ಬರೀ ಜಮೀನಿಗಲ್ಲ. ದೌರ್ಜನ್ಯದ ಕೇಸುಗಳನ್ನ ನೆನಪು ಮಾಡಿಕೊಳ್ಳಿ. ಮರಕುಂಬಿಯಲ್ಲಿ ಗುಡಿಸಲಿಗೆ ಬೆಂಕಿ ಹಚ್ಚಿದ್ದು 2014ರ ಆಗಸ್ಟಿನಲ್ಲಿ. ಕೊಪ್ಪಳದ ನ್ಯಾಯಾಲಯ 98 ಜನಕ್ಕೆ ಜೀವಾವಧಿ ಶಿಕ್ಷೆ ಕೊಟ್ಟಿದ್ದು 2024ರ ಅಕ್ಟೋಬರಿನಲ್ಲಿ. ಹತ್ತು ವರ್ಷ. ಹತ್ತು ವರ್ಷದಲ್ಲಿ ನೀವು ಎಷ್ಟು ಫೋನ್ ಬದಲಾಯಿಸಿದ್ದೀರಿ? ಆವತ್ತು ತೆಗೆದ ಫೋಟೋ ಈಗ ಎಲ್ಲಿದೆ? ಇನ್ನೊಂದು ಕಡೆ ಕಂಬಾಲಪಲ್ಲಿ. 2000ದ ಮಾರ್ಚ್ 11ರಂದು ಏಳು ಜನ ನಮ್ಮವರನ್ನ ಜೀವಂತ ಸುಟ್ಟರು. 2006ರಲ್ಲಿ, ಸಾಕ್ಷಿಗಳು ಪ್ರತಿಕೂಲ ಆದ ಮೇಲೆ, ಆರೋಪಿಗಳೆಲ್ಲ ಖುಲಾಸೆ. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡೀತು. ಸಾಕ್ಷಿ ಹೇಳೋರು ಅದೇ ಊರಲ್ಲಿ ಬಾಳಬೇಕು, ಅದೇ ಹೊಲದಲ್ಲಿ ಕೂಲಿ ಮಾಡಬೇಕು. 2015ರ ತಿದ್ದುಪಡಿಯಲ್ಲಿ ದೌರ್ಜನ್ಯ ತಡೆ ಕಾಯ್ದೆಗೆ 15-ಎ ಕಲಂ ಸೇರಿ, ಸಾಕ್ಷಿಗಳ ಹೆಸರು, ವಿಳಾಸ ಮರೆಮಾಡೋ ಅವಕಾಶ ಬಂತು. ಆದರೆ ಕೋರ್ಟು ಮರೆಮಾಡೋ ಹೆಸರನ್ನ ನಾವು ವಾಟ್ಸಾಪ್ ಗ್ರೂಪಲ್ಲಿ ಹಾಕಿಟ್ಟರೆ ಏನು ಬಂತು?

ವಾಟ್ಸಾಪ್ ಅಂದೆ. ದಯವಿಟ್ಟು ಇದೊಂದನ್ನ ನೆನಪಿಡಿ. ಸ್ಥಳದಲ್ಲಿ ತೆಗೆದ ಫೋಟೋವನ್ನ ವಾಟ್ಸಾಪಲ್ಲಿ ಮಾಮೂಲಿಯಾಗಿ ಕಳಿಸಿದರೆ ಅದು ಕುಗ್ಗುತ್ತೆ, ತೆಗೆದ ಸಮಯ, ಜಾಗದ ವಿವರ ಕಳಚಿ ಹೋಗುತ್ತೆ. ಅದು ಮೂಲ ಫೈಲ್ ಅಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದಿರೋ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆ ಜೊತೆ ಪ್ರಮಾಣಪತ್ರ ಕೊಡಬೇಕು, ಅದರ ನಮೂನೆಯಲ್ಲಿ ಹ್ಯಾಷ್ ಸಂಖ್ಯೆ ಬರೀಬೇಕು. ಹ್ಯಾಷ್ ಅಂದ್ರೆ ಫೈಲಿನ ಹೆಬ್ಬೆಟ್ಟು ಅಂತ ತಿಳ್ಕೊಳ್ಳಿ. ಒಂದು ಚುಕ್ಕಿ ಬದಲಾದರೂ ಇಡೀ ಸಂಖ್ಯೆ ಬದಲಾಗುತ್ತೆ. ಮೂಲ ಫೈಲನ್ನ ಕೇಬಲ್ ಹಾಕಿ ಕಂಪ್ಯೂಟರಿಗೆ ಇಳಿಸಿ, ಹ್ಯಾಷ್ ಬರೆದಿಟ್ಟು ಪೆಟ್ಟಿಗೆಗೆ ಹಾಕಿ. ಐದು ವರ್ಷ ಬಿಟ್ಟು ರೆಸ್ಟಿಕ್‌ನಿಂದ ತೆಗೆದರೂ ಅದೇ ಹೆಬ್ಬೆಟ್ಟು ಬರುತ್ತೆ. ಸಾಧ್ಯವಾದರೆ ತೆಗೆದ ಫೋನನ್ನೂ ಮಾರಬೇಡಿ, ಇಟ್ಕೊಳ್ಳಿ. ಉಳಿದಿದ್ದು ವಕೀಲರನ್ನ ಕೇಳಿ.

ಇಷ್ಟೆಲ್ಲ ಹೇಳಿದ ಮೇಲೆ ನಿಜವಾದ ಸಮಸ್ಯೆಗೆ ಬರ್ತೀನಿ. ಅದನ್ನ ನನಗೆ ತೋರಿಸಿಕೊಟ್ಟದ್ದು ಯಾವ ಇಂಜಿನಿಯರೂ ಅಲ್ಲ, ಒಬ್ಬ ಅಜ್ಜಿ.

ಅವರ ಮಾವನಿಗೆ ನಾಲ್ಕು ಎಕರೆ ಮಂಜೂರಾಗಿತ್ತು. ಮೂಲ ಕಡತ ಕೇಳಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದ್ದಕ್ಕೆ ಒಂದು ಕಚೇರಿಯಿಂದ "ಕಡತ ಲಭ್ಯವಿಲ್ಲ" ಅಂತ ಒಂದೇ ಸಾಲಿನ ಉತ್ತರ ಬಂತು. ಉಳಿದಿದ್ದು ಅವರ ಟ್ರಂಕಿನ ಚೀಟಿ ಒಂದೇ. ಸ್ಕ್ಯಾನ್ ಮಾಡೋಣ ಅಂತ ಮನೆಗೆ ಹೋದರೆ ಅಜ್ಜಿ ಚೀಟಿ ಕೈಯಿಂದ ಬಿಡಲಿಲ್ಲ. ಹಿಂದೆ ಇಬ್ಬರು "ಕೇಸ್ ಹಾಕ್ತೀವಿ" ಅಂತ ಪಹಣಿ, ರಸೀದಿ ತಗೊಂಡು ಹೋಗಿ ವಾಪಸ್ ಕೊಟ್ಟಿರಲಿಲ್ಲವಂತೆ. ನಾನು ಪೆಟ್ಟಿಗೆ, ಬೀಗ, ಗೂಢಲಿಪಿ ಎಲ್ಲಾ ನನಗೆ ತೋಚಿದ ಕನ್ನಡದಲ್ಲಿ ವಿವರಿಸಿದೆ. ಎಲ್ಲಾ ಕೇಳಿ ಅಜ್ಜಿ ಹೇಳಿದ್ದು ಇಷ್ಟು: "ಅಲ್ಲಪ್ಪ, ಬೀಗ ಗಟ್ಟಿ ಐತೆ ಅಂದೆ, ಸರಿ. ಬೀಗದ ಕೈ ಯಾರತ್ರ ಐತೆ? ನಿನ್ನತ್ರ. ನಾಳೆ ನೀನು ಇಲ್ದಂಗಾದ್ರೆ? ಇಲ್ಲ ನೀನೇ ಅವರ ಕಡೆ ಸೇರ್ಕಂಡ್ರೆ?"

ನಾನು ಸುಮ್ಮನಾದೆ. ಯಾಕಂದ್ರೆ ಶಾನುಭೋಗರ ಪುಸ್ತಕಕ್ಕೂ ನನ್ನ ಪೆಟ್ಟಿಗೆಗೂ ಅಜ್ಜಿಯ ಕಣ್ಣಲ್ಲಿ ಇರೋ ವ್ಯತ್ಯಾಸ ಏನು? ಅದೂ ಅವರಿಗೆ ಓದೋಕೆ ಬರಲ್ಲ, ಇದೂ ಬರಲ್ಲ. ಅದೂ ಇನ್ನೊಬ್ಬರ ಕಂಕುಳಲ್ಲಿ, ಇದೂ ಇನ್ನೊಬ್ಬರ ಕಂಕುಳಲ್ಲಿ. ಜಾತಿ ಮಾತ್ರ ಬೇರೆ.

ರೆಸ್ಟಿಕ್‌ನಲ್ಲಿ ಪಾಸ್‌ವರ್ಡ್ ಮರೆತರೆ ಯಾರೂ ಏನೂ ಮಾಡೋಕಾಗಲ್ಲ. ಪೆಟ್ಟಿಗೆ ಮಾಡುವಾಗಲೇ ಅದು ಎಚ್ಚರಿಕೆ ಕೊಡುತ್ತೆ: ಪಾಸ್‌ವರ್ಡ್ ಹೋದರೆ ಡೇಟಾ ಹೋದಂಗೆ. ಕಸ್ಟಮರ್ ಕೇರ್ ಇಲ್ಲ, ಒಟಿಪಿ ಇಲ್ಲ. ಒಬ್ಬನ ಹತ್ರ ಮಾತ್ರ ಪಾಸ್‌ವರ್ಡ್ ಇದ್ದು ಅವನು ಹೋದರೆ, ಆ ಹಿರಿಯರ ಫೋನಿನ ಕಥೆಯೇ ಮತ್ತೆ ಆಗುತ್ತೆ. ಆದ್ರೆ ಇದರಲ್ಲಿ ಒಂದೇ ಪೆಟ್ಟಿಗೆಗೆ ಹಲವು ಬೀಗದ ಕೈ ಮಾಡಬಹುದು. 'ಕೀ ಆಡ್' ಅಂತ ಒಂದು ಆಜ್ಞೆ. ಒಬ್ಬೊಬ್ಬರಿಗೆ ಒಂದೊಂದು ಪಾಸ್‌ವರ್ಡ್, ಯಾರದ್ದು ಹಾಕಿದರೂ ತೆರೆಯುತ್ತೆ.

ಹಾಗಾದ್ರೆ ಎಲ್ಲರಿಗೂ ಕೊಟ್ಟುಬಿಡೋಣ ಅಂತೀರಾ? ಅಲ್ಲೇ ಇರೋದು ಕಷ್ಟ. ಯಾವ ಕೈ ಇದ್ದರೂ ಇಡೀ ಪೆಟ್ಟಿಗೆ ತೆರೆಯುತ್ತೆ, ಅರ್ಧ ತೆರೆಯೋ ಕೈ ಇಲ್ಲ. ಅಳಿಸಿಯೂ ಹಾಕಬಹುದು. ನಮ್ಮ ಸಂಘಟನೆಗಳ ಚರಿತ್ರೆ ನಿಮಗೂ ಗೊತ್ತು, ನನಗೂ ಗೊತ್ತು. ದಲಿತ ಸಂಘರ್ಷ ಸಮಿತಿ ಎಷ್ಟು ಬಣ ಆಯ್ತು ಅಂತ ಬೆರಳು ಮಡಚಿ ಎಣಿಸೋದು ಬೇಡ. ಇವತ್ತು ಜೊತೆ ಕೂತು ಉಂಡವರು ನಾಳೆ ಬೇರೆ ಬ್ಯಾನರ್ ಹಿಡೀತಾರೆ. ಒಬ್ಬರು ಬಿಟ್ಟು ಹೋದಾಗ ಅವರ ಕೈಯನ್ನ ಪೆಟ್ಟಿಗೆಯಿಂದ ತೆಗೆದು ಹಾಕಬಹುದು. ಆದ್ರೆ ಅವರು ಮೊದಲೇ ಪೆಟ್ಟಿಗೆಯ ನಕಲು ಮಾಡಿಟ್ಟುಕೊಂಡಿದ್ದರೆ, ಆ ನಕಲು ಅವರ ಹಳೇ ಪಾಸ್‌ವರ್ಡಿಗೆ ತೆರೆಯುತ್ತಲೇ ಇರುತ್ತೆ. ಗಣಿತಕ್ಕೆ ಮನುಷ್ಯರ ನಿಯತ್ತು ಗೊತ್ತಾಗಲ್ಲ. ಅದನ್ನ ನಾವೇ ನೋಡ್ಕೋಬೇಕು.

ಹಾಗಾಗಿ ನಾವು ಕೂತು ಜಗಳ ಆಡಿ, ಕೊನೆಗೆ ಹೀಗೆ ಮಾಡಿಕೊಂಡಿದ್ದೀವಿ.

ಒಂದು, ಎಲ್ಲಕ್ಕೂ ಒಂದೇ ಪೆಟ್ಟಿಗೆ ಇಲ್ಲ. ಜಮೀನಿನ ಕಾಗದಕ್ಕೆ ಒಂದು. ದೌರ್ಜನ್ಯದ ಕೇಸುಗಳಿಗೆ, ಕೇಸಿಗೊಂದು. ಹೆಣ್ಣುಮಕ್ಕಳ ಹೇಳಿಕೆ ಇರೋ ಪೆಟ್ಟಿಗೆಯ ಕೈ ಇಬ್ಬರು ಮಹಿಳಾ ಕಾರ್ಯಕರ್ತರ ಹತ್ರ ಮಾತ್ರ. ನನ್ನ ಹತ್ರ ಇಲ್ಲ, ಇರಬೇಕಾಗೂ ಇಲ್ಲ.

ಎರಡು, ಜಮೀನು ಪೆಟ್ಟಿಗೆಗೆ ಮೂರು ಕೈ. ಮೂವರೂ ಬೇರೆ ಬೇರೆ ಊರಿನವರು, ಒಬ್ಬರು ಯಾವ ಬಣಕ್ಕೂ ಸೇರದ ವಕೀಲರು. ಪ್ರತಿ ಪಾಸ್‌ವರ್ಡೂ ಕಾಗದದಲ್ಲಿ ಬರೆದು, ಅಂಟಿಸಿದ ಕವರಿನಲ್ಲಿ, ಅವರವರ ಮನೆಯಲ್ಲಿ. ಪಾಸ್‌ವರ್ಡ್ ಅಂತ ಮಗಳ ಹೆಸರು, ಏಪ್ರಿಲ್ 14, ಜೈಭೀಮ್ ಇಡಬೇಡಿ ಮಹರಾಯರೇ. ನಮ್ಮನ್ನ ಬಲ್ಲವರು ಮೊದಲು ಹೊಡೆದು ನೋಡೋದೇ ಅದನ್ನ. ಒಂದಕ್ಕೊಂದು ಸಂಬಂಧ ಇಲ್ಲದ ಆರು ಪದ ಇಡಿ.

ಮೂರು, ಮೂಲ ಕಾಗದ ಯಾರ ಮನೆಯದ್ದೋ ಅವರ ಮನೆಯಲ್ಲೇ ಇರಬೇಕು. ನಾವು ಸ್ಕ್ಯಾನರ್ ತಗೊಂಡು ಹೋಗ್ತೀವಿ, ಅವರ ಕಣ್ಣೆದುರಿಗೇ ಸ್ಕ್ಯಾನ್ ಮಾಡಿ ಅಲ್ಲೇ ವಾಪಸ್. ಜೊತೆಗೆ ಕುಟುಂಬದಲ್ಲಿ ಓದಿರೋ ಒಬ್ಬರಿಗೆ ಅವರ ಕಾಗದ ಮಾತ್ರ ಇರೋ ಒಂದು ಪೆನ್‌ಡ್ರೈವ್. ಅದಕ್ಕೆ ಗೂಢಲಿಪಿ ಹಾಕಲ್ಲ. ಅವರ ಕಾಗದ ಅವರಿಗೆ ಓದೋಕೆ ಬರಬೇಕು.

ನಾಲ್ಕು, ಮೂರು ಪ್ರತಿ, ಎರಡು ಬೇರೆ ಕಡೆ. ಲ್ಯಾಪ್‌ಟಾಪ್, ಒಂದು ಹಾರ್ಡ್ ಡಿಸ್ಕ್ ಇಲ್ಲಿ, ಒಂದು ಬೇರೆ ತಾಲ್ಲೂಕಿನಲ್ಲಿ. ಡಿಸ್ಕನ್ನ ಸದಾ ಕಂಪ್ಯೂಟರಿಗೆ ಚುಚ್ಚಿಡಬಾರದು. ಗೂಢಲಿಪಿ ಓದೋದನ್ನ ತಡೆಯುತ್ತೆ, ಅಳಿಸೋದನ್ನ ತಡೆಯಲ್ಲ.

ಐದು, ಮೂರು ತಿಂಗಳಿಗೊಂದು ಭಾನುವಾರ ಯಾವುದಾದರೂ ಒಂದು ಸರ್ವೆ ನಂಬರ್ ಹೇಳಿ, ಅದರ ಕಾಗದ ವಾಪಸ್ ತೆಗೆದು ತೋರಿಸಬೇಕು. ಪ್ರತಿ ಸಲ ಬೇರೆ ಬೇರೆಯವರು ತೆಗೀಬೇಕು. ಹೋದ ಬೇಸಿಗೆಯಲ್ಲಿ ಕರೆಂಟ್ ಏರಿಳಿತಕ್ಕೆ ನಮ್ಮ ರೂಮಿನ ಲ್ಯಾಪ್‌ಟಾಪ್ ಸುಟ್ಟುಹೋಯ್ತು. ಬೇರೆ ಲ್ಯಾಪ್‌ಟಾಪ್ ತಂದು ಮಧ್ಯಾಹ್ನದೊಳಗೆ ಎಲ್ಲಾ ವಾಪಸ್ ತೆಗೆದದ್ದು ಆ ಪಿಯುಸಿ ಹುಡುಗಿ. ನಾನು ಆವತ್ತು ಕಚೇರಿಯಲ್ಲಿ ಇದ್ದೆ, ಫೋನ್ ಕೂಡ ಮಾಡಬೇಕಾಗಿರಲಿಲ್ಲ.

ಎರಡು ಎಚ್ಚರಿಕೆ. ಇದು ರಕ್ಷಾ ತಾಯತ ಅಲ್ಲ. ಭೀಮಾ ಕೋರೆಗಾಂವ್ ಪ್ರಕರಣದಲ್ಲಿ ರೋನಾ ವಿಲ್ಸನ್ ಅವರ ಲ್ಯಾಪ್‌ಟಾಪಿಗೆ ನೆಟ್‌ವೈರ್ ಅನ್ನೋ ಕಳ್ಳ ತಂತ್ರಾಂಶ ನುಗ್ಗಿಸಿ ಹೊರಗಿನಿಂದ ಫೈಲುಗಳನ್ನ ತುರುಕಲಾಗಿತ್ತು ಅಂತ ಅಮೆರಿಕದ ಆರ್ಸೆನಲ್ ಕನ್ಸಲ್ಟಿಂಗ್ ಸಂಸ್ಥೆ 2021ರಲ್ಲಿ ವರದಿ ಕೊಟ್ಟಿತು. ತನಿಖಾ ಸಂಸ್ಥೆ ಅದನ್ನ ಒಪ್ಪಲಿಲ್ಲ. ವರದಿ ಪ್ರಕಾರ ಎಲ್ಲಾ ಶುರುವಾದದ್ದು ಪರಿಚಿತರ ಹೆಸರಿನ ಇಮೇಲಲ್ಲಿ ಬಂದ ಒಂದು ಅಟ್ಯಾಚ್‌ಮೆಂಟ್ ತೆರೆದದ್ದರಿಂದ. ಬೀರು ಎಷ್ಟೇ ಗಟ್ಟಿ ಇರಲಿ, ಮನೆಯೊಳಗೆ ಕಳ್ಳ ಕೂತಿದ್ದರೆ ಪ್ರಯೋಜನ ಇಲ್ಲ. ಸಿಕ್ಕ ಸಿಕ್ಕ ಲಿಂಕ್ ಒತ್ತಬೇಡಿ.

ಎರಡನೇದು ಕಾನೂನು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ನೇ ಕಲಂ ಪ್ರಕಾರ ಬೀಗ ತೆಗೆದು ತೋರಿಸಿ ಅಂತ ಸರ್ಕಾರ ಕ್ರಮಬದ್ಧವಾಗಿ ಆದೇಶ ಮಾಡಬಹುದು, ಒಪ್ಪದಿದ್ದರೆ ಏಳು ವರ್ಷದವರೆಗೂ ಶಿಕ್ಷೆ ಇದೆ. ನಾವು ಬೀಗ ಹಾಕ್ತಿರೋದು ಕೋರ್ಟಿನಿಂದ ಬಚ್ಚಿಡೋಕಲ್ಲ. ಕೋರ್ಟಿಗೆ ಹೋಗೋ ದಿನದವರೆಗೂ ಊರಿನ ಬಲಾಢ್ಯರ ಕೈಗೆ ಸಿಗದಿರಲಿ ಅಂತ.

ಹಾಗೇ ಎಲ್ಲದಕ್ಕೂ ಬೀಗ ಬೇಡ. ಹಳೇ ಕರಪತ್ರ, ಹೋರಾಟದ ಫೋಟೋ, ಪತ್ರಿಕೆ ತುಣುಕು, ಹಾಡಿನ ಪುಸ್ತಕ, ಇವೆಲ್ಲ ಎಷ್ಟು ಜನರ ಹತ್ರ ಇದ್ದರೆ ಅಷ್ಟು ಒಳ್ಳೇದು. ಬೀಗ ಬೇಕಾಗಿರೋದು ಹೊರಗೆ ಬಂದರೆ ಯಾರದ್ದಾದರೂ ಮೈಗೆ, ನೆಲಕ್ಕೆ ಏಟು ಬೀಳುತ್ತೆ ಅನ್ನೋದಕ್ಕೆ ಮಾತ್ರ.

ಅಜ್ಜಿ ಕೊನೆಗೂ ಚೀಟಿ ಕೊಟ್ಟರು. ಮೂರು ಕೈ ಯಾರ್ಯಾರ ಹತ್ರ ಇದೆ ಅಂತ ಹೆಸರು ಹೇಳಿಸಿಕೊಂಡರು. ಒಬ್ಬರ ಹೆಸರು ಒಪ್ಪಲಿಲ್ಲ, ಬದಲಾಯಿಸಿದೆವು. ಅರ್ಜಿ ಈಗ ಉಪವಿಭಾಗಾಧಿಕಾರಿಗಳ ಮುಂದೆ ಇದೆ. ಏನಾಗುತ್ತೋ ನೋಡೋಣ.

ಮುಂದಿನ ಎರಡು ಭಾನುವಾರ ಐಮಂಗಲದ ಸುತ್ತಮುತ್ತಲ ಹಟ್ಟಿಗಳಿಗೆ ಸ್ಕ್ಯಾನರ್ ತಗೊಂಡು ಬರ್ತೀವಿ. ಮನೆಯಲ್ಲಿ ಹಿರಿಯರನ್ನ ಕೇಳಿ ಟ್ರಂಕು ತೆಗೆಸಿಡಿ. ಚೀಟಿ ಹರಿದಿದ್ದರೆ ಟೇಪ್ ಹಚ್ಚೋಕೆ ಹೋಗಬೇಡಿ, ಹಾಗೇ ಇಟ್ಟಿರಿ. ಬೇರೆ ಜಿಲ್ಲೆಯ ಗೆಳೆಯರು ಕಲಿಯೋದಿದ್ದರೆ ಇನ್‌ಬಾಕ್ಸಿಗೆ ಬನ್ನಿ, ಗೋಡೆ ಮೇಲಿನ ರಟ್ಟಿನ ಫೋಟೋ ಕಳಿಸ್ತೀನಿ. ಬರುವಾಗ ಒಬ್ಬರೇ ಬರಬೇಡಿ. ಕಲಿಯೋಕೆ ಕಡೇ ಪಕ್ಷ ಇಬ್ಬರು ಬನ್ನಿ, ಅದರಲ್ಲಿ ಒಬ್ಬರು ಹೆಣ್ಣುಮಗಳು ಇರಲಿ.

ಜೈ ಭೀಮ್.